ಗಟ್ಟಿ ನೆಲದ ಫಾರ್ವರ್ಡ್

ತುರ್ವಿಹಾಳದ ಹೊರಗೆ ಅವನಿಗಾಗಿ ತೋಡುತ್ತಿದ್ದ ಗುಂಡಿ ಸೊಂಟದ ಮಟ್ಟಕ್ಕೆ ಇಳಿಯುವಷ್ಟರಲ್ಲೇ ನೀರು ಕಾಣಿಸಿಕೊಂಡಿತು. ಮೊದಲು ಒಂದು ಮೂಲೆಯಲ್ಲಿ ಮಣ್ಣು ಒದ್ದೆಯಾಯಿತು. ನೋಡನೋಡುತ್ತಿದ್ದಂತೆ ತೋಡುವವನ ಪಾದ ಮುಳುಗಿತು. ಅವನು ಗುದ್ದಲಿ ಮೇಲಕ್ಕೆ ಎಸೆದು, "ಇಲ್ಲಿ ಆಗಂಗಿಲ್ರೀ, ಬ್ಯಾರೆ ಕಡೆ ನೋಡ್ರಿ" ಎಂದು ಹತ್ತಿ ಬಂದ. ಅಲ್ಲಿಂದ ಆಚೆ ಒಂದು ದಿಬ್ಬ ಹುಡುಕಿ ಮತ್ತೆ ತೋಡಿದರು. ಅಲ್ಲೂ ಅದೇ ಕಥೆ. ಸುತ್ತಲೂ ಭತ್ತದ ಗದ್ದೆ, ತಲೆಯ ಮೇಲೆ ಕಾಲುವೆ. ನೀರು ಬಸಿದು ಬಾರದೆ ಇನ್ನೆಲ್ಲಿಗೆ ಹೋಗಬೇಕು?

ಸತ್ತವನ ಹೆಂಡತಿ ಅಷ್ಟು ಹೊತ್ತು ಅತ್ತವಳಲ್ಲ. ಎರಡನೆಯ ಗುಂಡಿಯಲ್ಲೂ ನೀರು ಬಂತೆಂದು ಕೇಳಿ ಎದ್ದು ನಿಂತಳು.

"ಬ್ಯಾಡ್ರೆಪ್ಪಾ, ಅವ್ರನ್ನ ನೀರಾಗ ಇಡಬ್ಯಾಡ್ರಿ. ನೀರು ಅವ್ರಿಗೆ ಆಗಿಬಂದಿಲ್ಲ. ಪಾಮನಕಲ್ಲೂರಿಗೆ ಒಯ್ರಿ, ಅವ್ರ ಅಪ್ಪನ ಹೊಲ ಐತಿ. ಅಲ್ಲಿ ನೆಲ ಗಟ್ಟಿ ಅದ."

ಇಬ್ಬರು ಟ್ರ್ಯಾಕ್ಟರ್ ಕೇಳಿಕೊಂಡು ಬರಲು ಊರೊಳಗೆ ಹೋದರು. ಉಳಿದ ನಾವು ಕಾಲುವೆಯ ಏರಿಯ ಮೇಲೆ ಕುಳಿತೆವು. ಅಲ್ಲಿದ್ದವರಲ್ಲಿ ಅವನ ಆಟ ನೋಡಿದವನು ನಾನೊಬ್ಬನೇ. ಉಳಿದವರಿಗೆಲ್ಲ ಅವನು ಕಾಲುವೆ ಕಾಯುವ ಕುಂಟ ಲಸ್ಕರ್, ತೂಬಿನ ಹತ್ತಿರ ನಿಂತು ರೈತರ ಜೊತೆ ಜಗಳ ಕಾಯುತ್ತಿದ್ದ ಮುದುಕ. ಮುದುಕನೇನೂ ಆಗಿರಲಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಅಷ್ಟೇ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಗುರುತು ಹತ್ತಲಿಕ್ಕಿಲ್ಲ, ಏಕೆಂದರೆ ಸಿಂಧನೂರಿನ ಕಾಲುವೆ ಕ್ಯಾಂಪಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡ ಸಾಹೇಬರಿಂದ ಹಿಡಿದು ಚಹಾದಂಗಡಿಯವನ ತನಕ ಎಲ್ಲರಿಗೂ ಅವನು ಫಾರ್ವರ್ಡ್. ಹಾಕಿ ಆಟದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ನಾನು ಅದೇ ಟೀಮಿನ ಗೋಲಿ. ಅಂದರೆ ಗೋಲು ಕಾಯುತ್ತ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಹಾಗಾಗಿ ನಾನು ವರ್ಷಗಟ್ಟಲೆ ನೋಡಿದ್ದು ಅವನ ಬೆನ್ನನ್ನು. ಬೆವರು ಬೆನ್ನಿನ ಎಡಭಾಗದಲ್ಲಿ ಮೊದಲು ಮೂಡುತ್ತಿತ್ತು. ಓಡುವ ಮುಂಚೆ ಬಲ ಹೆಗಲು ಸ್ವಲ್ಪ ಕೆಳಗಿಳಿಯುತ್ತಿತ್ತು. ಆ ಹೆಗಲು ಇಳಿಯಿತೆಂದರೆ ಚೆಂಡು ಅವನದು, ನಾನು ಆರಾಮಾಗಿ ಕಂಬಕ್ಕೆ ಒರಗಬಹುದು.

ಅವನಿಗೆ ಎರಡು ಚಟಗಳಿದ್ದವು. ಒಂದು, ಆಟಕ್ಕೆ ಮುಂಚೆ ಮೈದಾನದ ತುಂಬ ಅಡ್ಡಾಡಿ ಅಲ್ಲಲ್ಲಿ ಹಿಮ್ಮಡದಿಂದ ನೆಲಕ್ಕೆ ಗುದ್ದಿ ಕಿವಿಗೊಡುವುದು. ಠಣ್ ಎಂದರೆ ತಲೆಯಾಡಿಸಿ ಮುಂದೆ ಹೋಗುವನು. ದಬ್ ಎಂದರೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಕೆದರುವನು. "ನೆಲ ಮಾತಾಡಿದ್ರ ಚೆಂಡು ಓಡ್ತೈತಿ" ಎನ್ನುತ್ತಿದ್ದ. ನಮಗೆಲ್ಲ ನಗು. ಆದರೆ ಯಾವ ಜಾಗದಲ್ಲಿ ಚೆಂಡು ಪುಟಿದು ಹಾರುತ್ತದೆ, ಎಲ್ಲಿ ಜಾರುತ್ತದೆ ಎಂದು ಅವನು ಹೇಳಿದ್ದು ತಪ್ಪಿದ್ದು ಕಡಿಮೆ.

ಇನ್ನೊಂದು, ಆಟ ಶುರುವಾಗುವ ಹೊತ್ತಿಗೆ ನಡು ಮೈದಾನದಲ್ಲಿ ನಿಂತು, ತಿರುಗಿ ನೋಡದೆ, ಎರಡೂ ಕಡೆಯ ಜನಕ್ಕೆ ಕೇಳುವಂತೆ ಕೂಗುವುದು.

"ಹಿಂದ ಯಾರದಾರಲೇ?"

ನಾನು ನನ್ನ ಕಂಬಗಳ ನಡುವಿನಿಂದ ಕೂಗಬೇಕು. "ನಾ ಅದೀನಿ!"

ಆಮೇಲೆಯೇ ಅವನ ಸ್ಟಿಕ್ಕು ನೆಲಕ್ಕೆ ತಾಗುತ್ತಿದ್ದದ್ದು. ಒಮ್ಮೆ ನಾನು ಪ್ಯಾಡಿನ ಪಟ್ಟಿ ಬಿಗಿಯುವ ಗಡಿಬಿಡಿಯಲ್ಲಿ ಉತ್ತರ ಕೊಡಲಿಲ್ಲ. ರೆಫ್ರಿ ಸೀಟಿ ಊದಿದ, ಬೈದ, ಮತ್ತೆ ಊದಿದ. ಫಾರ್ವರ್ಡ್ ಕದಲಲಿಲ್ಲ. "ಗೋಲಿ ಅದಾನೋ ಇಲ್ಲೋ ಗೊತ್ತಾಗದ ಹೆಂಗ್ರೀ ಮುಂದ ಹೋಗ್ಲಿ?" ಎಂದು ರೆಫ್ರಿಗೇ ಕೇಳಿದ. ನಾನು ಗಂಟಲು ಹರಿಯುವಂತೆ ಕೂಗಿದ ಮೇಲೆ ಆಟ ಶುರುವಾಯಿತು.

ಪಾಮನಕಲ್ಲೂರಿನ ಕುರಿಯವರ ಮನೆಯಲ್ಲಿ ಹುಟ್ಟಿದವನಿಗೆ ಹಾಕಿ ಎಲ್ಲಿಂದ ಅಂಟಿತು ಎಂದರೆ, ಲಿಂಗಸೂಗೂರಿನಿಂದ. ಅಲ್ಲಿ ಹಿಂದೆ ದಂಡಿನ ಛಾವಣಿ ಇತ್ತು. ದಂಡು ಹೋಯಿತು, ಮೈದಾನ ಉಳಿಯಿತು. ಶಾಲೆಗೆಂದು ಸೋದರಮಾವನ ಮನೆಯಲ್ಲಿದ್ದವನು ಶಾಲೆಗಿಂತ ಆ ಮೈದಾನದಲ್ಲೇ ಹೆಚ್ಚು ಬೆಳೆದ. ಮೀಸೆ ಮೂಡುವ ಹೊತ್ತಿಗೆ ರಾಯಚೂರಿನ ಒಂದು ಗಿರಣಿಯವರು ತಮ್ಮ ಟೀಮಿಗೆ ಕರೆದುಕೊಂಡರು. ಅಲ್ಲಿಂದ ಹೈದರಾಬಾದಿನ ಒಂದು ಇಲಾಖೆಯ ಟೀಮಿಗೆ ಹೋದ. ರಜೆಗೆ ಊರಿಗೆ ಬಂದಾಗ ಅಪ್ಪ ಕುರಿ ಹಟ್ಟಿಯ ಮುಂದೆ ಕೂಡಿಸಿಕೊಂಡು ಕೇಳಿದನಂತೆ.

"ಏನ್ ಕೆಲಸ ಅಪ್ಪಾ ನಿಂದು?"

"ಆಡ್ತೀನಿ."

"ಆಡೋದು ಖರೆ. ಕೆಲಸ ಏನು?"

"ಅದ ಕೆಲಸ. ಆಡಿದ್ದಕ್ಕ ಪಗಾರ ಕೊಡ್ತಾರ."

ಅಪ್ಪ, "ಆಡೋದು ಬಿಟ್ಟ ಮ್ಯಾಲ ಏನ್ ಕೊಡ್ತಾರ?" ಎಂದು ಕೇಳಿ ಎದ್ದು ಹೋದನಂತೆ. ಈ ಮಾತನ್ನು ಫಾರ್ವರ್ಡ್ ನಗುನಗುತ್ತ ಹೇಳುತ್ತಿದ್ದ. ಹೇಳಿದ ಮೇಲೆ ಮಾತ್ರ ಬೀಡಿ ಹಚ್ಚಲು ಬೆನ್ನು ತಿರುಗಿಸುತ್ತಿದ್ದ.

ಭಾಷೆಯ ಪ್ರಕಾರ ರಾಜ್ಯಗಳು ಹಂಚಿಹೋದ ವರ್ಷ ಆ ಹೈದರಾಬಾದಿನ ಟೀಮೂ ಹಂಚಿಹೋಯಿತು. ಯಾರು ಯಾವ ಕಡೆಯವರೆಂದು ವಿಂಗಡಿಸುವಾಗ ಇವನನ್ನು ನಿಮ್ಮ ಕಡೆ ಹೋಗು ಎಂದರು. ಇವನ ಕಡೆ ಅಂದರೆ ಎಲ್ಲಿ? ಟೀಮುಗಳೆಲ್ಲ ಆ ಕಡೆ ಉಳಿದವು. ಆಗ ಸಿಂಧನೂರಿನಲ್ಲಿ ಕಾಲುವೆಯ ಕೆಲಸ ಭರಾಟೆಯಿಂದ ನಡೆದಿತ್ತು. ಕ್ಯಾಂಪಿನ ದೊಡ್ಡ ಸಾಹೇಬರಿಗೆ ಹಾಕಿ ಎಂದರೆ ಪ್ರಾಣ. ಇವನ ಹೆಸರು ಕೇಳಿ ಕರೆಸಿ, ಸ್ಟೋರಿನಲ್ಲಿ ಮೇಸ್ತ್ರಿ ಎಂದು ತೋರಿಸಿ ಇಟ್ಟುಕೊಂಡರು. ನಾನು ಅದೇ ಸ್ಟೋರಿನ ಗುಮಾಸ್ತ. ನಾಲ್ಕು ಗಂಟೆಯ ತನಕ ಅವನು ಸಿಮೆಂಟಿನ ಚೀಲಗಳ ಮೇಲೆ ಕುಳಿತು ಸ್ಟಿಕ್ಕಿಗೆ ಎಣ್ಣೆ ಹಚ್ಚುತ್ತಿದ್ದ. ನಾಲ್ಕಾದ ಮೇಲೆ ಅವನ ನೌಕರಿ ಶುರುವಾಗುತ್ತಿತ್ತು.

ಸೊಕ್ಕಿನವನು, ಸುಳ್ಳೇಕೆ ಹೇಳಲಿ. ಪಾಸು ಕೊಡಲು ಕೈ ಬರುತ್ತಿರಲಿಲ್ಲ. ತಾನು ತಪ್ಪಿದರೆ ನೆಲಕ್ಕೆ ಬೈಯುವನು, ನಾವು ತಪ್ಪಿದರೆ ನಮ್ಮ ಮನೆತನಕ್ಕೇ ಬೈಯುವನು. ಕ್ಯಾಂಪಿನ ಮೆಸ್ಸಿನಲ್ಲಿ ಆಂಧ್ರದ ಅಡುಗೆ, ಅನ್ನ, ಪಪ್ಪು, ಗೊಂಗೂರ. ಅವನು ಮುಟ್ಟುತ್ತಿರಲಿಲ್ಲ. ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದ ಕಟಕು ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಗೆ ಒತ್ತಿ ಕಟಕಟ ಕಡಿಯುತ್ತ, "ಅನ್ನ ಉಂಡ್ರ ಕಾಲಾಗ ನೀರು ಇಳೀತಾವಲೇ ಗೋಲಿ. ನೀ ಉಣ್ಣು, ನೀ ನಿಂತಲ್ಲೇ ನಿಲ್ಲಾಂವ" ಎಂದು ನನ್ನನ್ನು ಕೆಣಕುತ್ತಿದ್ದ.

ನಮ್ಮ ಮೈದಾನ ಅಪ್ಪಟ ಎರೆ ನೆಲ. ಚಳಿ ಕಳೆದು ಬಿಸಿಲು ಏರಿತೆಂದರೆ ಕೈ ಹಿಡಿಯುವಷ್ಟು ಬಿರುಕು ಬಿಡುವುದು. ಪ್ರತಿವರ್ಷ ಯುಗಾದಿಯ ಮುಂದೆ ದೊಡ್ಡ ಪಂದ್ಯಕ್ಕೆ ಮುಂಚೆ ನಾವು ಹನ್ನೊಂದು ಜನ ಬುಟ್ಟಿಯಲ್ಲಿ ಗರಸು ಕಲ್ಲುಮಣ್ಣು ಹೊತ್ತು ತಂದು, ಬಿರುಕು ಬಿರುಕಿಗೂ ತುಂಬಿ, ಬಡಿದು ಗಟ್ಟಿ ಮಾಡುತ್ತಿದ್ದೆವು. ಬೆನ್ನು ಮುರಿಯುವ ಕೆಲಸ. ಆದರೆ ಹಾಗೆ ಮಾಡಿದ ನೆಲ ಅವನ ಹಿಮ್ಮಡಕ್ಕೆ ಗಂಟೆಯ ಹಾಗೆ ಉತ್ತರ ಕೊಡುತ್ತಿತ್ತು.

ಆ ಗಟ್ಟಿ ನೆಲವೇ ಅವನ ಮೊಣಕಾಲನ್ನೂ ತಿಂದಿತು. ಅದು ನನಗೆ ಗೊತ್ತಾಗಿದ್ದು ಅವನ ಹೆಂಡತಿಯಿಂದ. ದಿನಾ ರಾತ್ರಿ ಔಡಲ ಎಲೆ ಕಾಸಿ ಅವಳ ಹಳೆ ಸೀರೆಯ ಪಟ್ಟಿಯಿಂದ ಎಡ ಮೊಣಕಾಲು ಬಿಗಿಸಿಕೊಳ್ಳುತ್ತಿದ್ದನಂತೆ. ಬೆಳಗ್ಗೆ ಪಟ್ಟಿ ಬಿಚ್ಚಿಟ್ಟು ಏನೂ ಆಗದವನಂತೆ ಕ್ಯಾಂಪಿಗೆ ಬರುವನು. ನಾನು ಕೇಳಿದ್ದಕ್ಕೆ ನನ್ನ ಬಾಯಿ ಮುಚ್ಚಿಸಿದ.

"ಸುಮ್ನಿರು. ಸಾಹೇಬ್ರ ಕಿವಿಗಿ ಬಿದ್ರ ನಾಳೆ ನಾ ಮನಿಯಾಗ."

ಸುಳ್ಳಲ್ಲ. ಅವನೂ ಟೀಮಿನ ಉಳಿದವರೂ ವರ್ಕ್ ಚಾರ್ಜ್ ಆಳುಗಳು, ಕೆಲಸ ಇರುವ ತನಕ ಮಾತ್ರ ಪಗಾರ. ನನ್ನೊಬ್ಬನದು ಖಾಯಂ ನೌಕರಿ. ಕಾಲುವೆಯ ಕಟ್ಟೋಣ ಮುಗಿಯುತ್ತ ಬಂದಿತ್ತು. ದಢೇಸುಗೂರಿನ ಕಡೆ ಆಗಲೇ ಭತ್ತ ಎದ್ದಿತ್ತು. ಆ ವರ್ಷ ಯುಗಾದಿ ಕಳೆದರೆ ಎಲ್ಲರಿಗೂ ಮನೆಯ ದಾರಿ ಎಂಬ ಸುದ್ದಿ ಹಬ್ಬಿತು. ಒಂದು ಸಂಜೆ ದೊಡ್ಡ ಸಾಹೇಬರು ಮೈದಾನಕ್ಕೇ ಬಂದು ಫಾರ್ವರ್ಡನನ್ನು ಕರೆದರು.

"ನೋಡಪ್ಪಾ, ಈ ಸಲ ಪಂದ್ಯ ನೋಡಲು ಮೇಲಿನವರೆಲ್ಲ ಬರ್ತಾರೆ. ಕಪ್ಪು ನಮ್ಮ ಕ್ಯಾಂಪಿಗೆ ಬಂದರೆ ಆ ಖುಷಿಯಲ್ಲೇ ಅವರ ಹತ್ತಿರ ಟೀಮಿನ ಹುಡುಗರನ್ನೆಲ್ಲ ಖಾಯಂ ಮಾಡಿಸಿಕೊಳ್ತೀನಿ. ಬರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಸಾಹೇಬರ ಜೀಪು ಹೋದ ಮೇಲೆ ಹನ್ನೊಂದು ಜನರೂ ಒಂದೆಡೆ ಸೇರಿದೆವು. ಎಡಗಡೆಯ ಹಾಫ್ ಆಡುತ್ತಿದ್ದ ಮಸ್ಕಿಯವನು ಮೆಲ್ಲಗೆ, "ಅಣ್ಣಾ, ನಮ್ಮ ಮಕ್ಕಳ ಅನ್ನ ನಿನ್ನ ಸ್ಟಿಕ್ಕಿನ ತುದ್ಯಾಗ ಐತಿ ನೋಡು" ಎಂದ. ಫಾರ್ವರ್ಡ್ ಯಾವತ್ತಿನಂತೆ ಚೇಷ್ಟೆ ಮಾಡಲಿಲ್ಲ. ಹಿಮ್ಮಡದಿಂದ ನೆಲಕ್ಕೆ ಒಮ್ಮೆ ಗುದ್ದಿದ. ಠಣ್ ಎಂದಿತು. ಅವನ ಮುಖ ನೋವಿಗೆ ಕಿವುಚಿಕೊಂಡದ್ದನ್ನು ನಾನು ನೋಡಿದೆ.

ಮರುದಿನ ನಾವು ಬುಟ್ಟಿ ಹಿಡಿದು ಹೊರಟರೆ ಅವನು ತಡೆದ.

"ಈ ವರ್ಷ ಗರಸು ಬ್ಯಾಡ. ಕಾಲುವಿ ಬಾಗಿಲಿಗೆ ಬಂದೈತಿ, ಇನ್ನ ಯಾಕ ಹೊರಬೇಕು? ನೀರು ಬಿಡೂಣು. ಬಿರುಕು ತಾನ ಮುಚ್ಚಿಕೋತಾವ, ನೆಲಾನೂ ಮೆತ್ತಗ ಆಕ್ಕೈತಿ."

ಯಾರಾದರೂ ಬೇಡ ಎಂದರೇ? ಒಬ್ಬರೂ ಎನ್ನಲಿಲ್ಲ. ನಾವೆಲ್ಲ ಜೋಳದ ಸೀಮೆಯವರು. ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡ ಜನ. ನೀರಿನಿಂದ ಕೆಡುಕಾಗುತ್ತದೆ ಎಂಬುದು ನಮ್ಮ ಏಳು ತಲೆಮಾರಿನಲ್ಲಿ ಯಾರಿಗಾದರೂ ಹೊಳೆದಿತ್ತೇ! ಹಾಡಹಗಲೇ ಮಗ್ಗುಲ ಸಣ್ಣ ಕಾಲುವೆಯ ತೂಬನ್ನು ಅವನೇ ಕೈಯಾರೆ ಎತ್ತಿದ. ನೀರು ನಾಚಿಕೊಂಡಂತೆ ಮೈದಾನದೊಳಗೆ ಬಂತು. ಬಿರುಕುಗಳು ಗುಳುಗುಳು ಎಂದು ಕುಡಿಯತೊಡಗಿದವು. ದೊಡ್ಡ ದೊಡ್ಡ ಗಂಡಸರು ಪ್ಯಾಂಟು ಮೇಲೇರಿಸಿ ಆ ನೀರಿನಲ್ಲಿ ಕುಣಿದೆವು. ಮಸ್ಕಿಯವನು ಬೊಗಸೆ ನೀರೆತ್ತಿ ಫಾರ್ವರ್ಡನ ತಲೆಗೆ ಸುರಿದ. ಅವನು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಬಿರುಕುಗಳೆಲ್ಲ ಬಾಯಿ ಮುಚ್ಚಿದವು. ಬಿಸಿಲಿಗೆ ಮೇಲುಪದರ ಆರಿತು. ರೋಲರ್ ಎಳೆದೆವು. ಪಂದ್ಯದ ದಿನ ಬೆಳಗ್ಗೆ ಮೈದಾನ ಹಬ್ಬಕ್ಕೆ ಸಾರಿಸಿದ ಪಡಸಾಲೆಯ ಹಾಗಿತ್ತು. ಸಾಹೇಬರು ಬೆನ್ನು ತಟ್ಟಿದರು. ಫಾರ್ವರ್ಡ್ ಎಂದಿನಂತೆ ಅಡ್ಡಾಡಿ ಹಿಮ್ಮಡ ಗುದ್ದಿದ. ಠಣ್ ಇಲ್ಲ, ದಬ್ ಇಲ್ಲ. ಸದ್ದೇ ಇಲ್ಲ.

"ಏನಂತೈತಿ?" ಎಂದು ಕೇಳಿದೆ.

"ಸುಮ್ನೈತಿ" ಎಂದ. ಸ್ವಲ್ಪ ತಡೆದು, "ಛಲೋನ ಆತು. ಮಣಕಾಲಿಗೆ ಆರಾಮ" ಎಂದ.

ಇಷ್ಟು ವರ್ಷ ನೆಲದ ಮಾತು ಕೇಳಿದವನು, ಅದು ಮಾತು ಬಿಟ್ಟ ದಿನ ಏಕೆ ಎಂದು ಕೇಳಲಿಲ್ಲ. ನೋವು ಮನುಷ್ಯನ ಕಿವಿಯನ್ನೂ ಕೆಡಿಸುತ್ತದೆ.

ಎದುರಾಳಿಗಳು ಅಣೆಕಟ್ಟಿನ ಕಡೆಯಿಂದ ಬಂದಿದ್ದರು. "ಹಿಂದ ಯಾರದಾರಲೇ?" ಎಂದು ಕೂಗಿದ. "ನಾ ಅದೀನಿ!" ಎಂದೆ. ಮೊದಲ ಅರ್ಧದಲ್ಲಿ ಅವನ ಆಟ ನೋಡಬೇಕಿತ್ತು! ಹೈದರಾಬಾದಿನಲ್ಲಿ ಹೀಗೇ ಆಡುತ್ತಿದ್ದನೇನೋ. ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಹೋಗುತ್ತಿತ್ತು. ಬಲ ಹೆಗಲು ಇಳಿಸಿ ಒಬ್ಬನನ್ನು, ಎತ್ತಿ ಇನ್ನೊಬ್ಬನನ್ನು ದಾಟಿ ಒಂದು ಗೋಲು ಹೊಡೆದ. ಶಾಮಿಯಾನದ ಕೆಳಗೆ ಕುಳಿತಿದ್ದ ಮೇಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅರ್ಧ ಆಟ ಮುಗಿಯುವ ಹೊತ್ತಿಗೆ ಮೇಲುಪದರ ಒಡೆಯಿತು. ಅದರ ಕೆಳಗೆ ಎರೆ ಮಣ್ಣು ಇನ್ನೂ ಹಸಿ ಹಸಿ ಕೆಸರು. ಇಪ್ಪತ್ತೆರಡು ಜನ ತುಳಿದದ್ದಕ್ಕೆ ಮೈದಾನ ನಾಟಿ ಗದ್ದೆಯಾಯಿತು. ಕಾಲು ಎತ್ತಿದರೆ ಮಣ್ಣಿನ ಹೆಂಟೆಯೇ ಎದ್ದು ಬರುತ್ತಿತ್ತು. ಅವರೂ ಹೇಗೋ ಒಂದು ಗೋಲು ತೂರಿಸಿದರು. ಇನ್ನೇನು ಆಟ ಮುಗಿದ ಸೀಟಿ ಆಗಬೇಕು, ಆಗ ಚೆಂಡು ಫಾರ್ವರ್ಡನಿಗೆ ಸಿಕ್ಕಿತು. ಅವರ ಗೋಲಿ ಮುಂದೆ ಬಂದು ಜಾರಿ ಬಿದ್ದ. ಎದುರಿಗೆ ಖಾಲಿ ಗೋಲು. ಇವನು ಚೆಂಡು ತಳ್ಳಿದ. ಎರಡೂ ಕೈ ಎತ್ತಿದ. ನಾನೂ ಎತ್ತಿದೆ. ಚೆಂಡು ಹೋಗಿ ಹೋಗಿ, ಯಾರದೋ ಪಾದದ ಗುರುತಿನ ಕೆಸರಿನಲ್ಲಿ, ಗೆರೆಯ ಈಚೆಗೆ ನಿಂತುಬಿಟ್ಟಿತು.

ಅವನು ಅದರ ಕಡೆ ನುಗ್ಗಿದ. ಎಡಗಾಲು ಊರಿ ಮೈ ತಿರುಗಿಸಿದ. ಮೈ ತಿರುಗಿತು, ಕಾಲು ಕೆಸರಿನಲ್ಲಿ ಹೂತು ಅಲ್ಲೇ ಉಳಿಯಿತು. ಅಷ್ಟು ದೂರದಿಂದ ನನಗೆ ಕಂಡದ್ದು ಇಷ್ಟೇ, ನಾನು ದಿನಾ ನೋಡುತ್ತಿದ್ದ ಆ ಬೆನ್ನು ಕೆಳಗೆ ಹೋಯಿತು, ಮತ್ತೆ ಏಳಲಿಲ್ಲ. ಅವರು ಚೆಂಡು ಎತ್ತಿ ಈ ಕಡೆ ಬೀಸಿದರು. ನಮ್ಮವರು ಜಾರಿ ಬಿದ್ದರು. ನನ್ನ ಪ್ಯಾಡಿಗೆ ಮೆತ್ತಿದ ಮಣ್ಣಿನ ಭಾರ ಎತ್ತಿ ನಾನು ಕಾಲು ಚಾಚುವಷ್ಟರಲ್ಲಿ ಚೆಂಡು ನನ್ನ ಹಿಂದೆ ಗೋಲಿನೊಳಗಿತ್ತು, ಎಲ್ಲ ಮುಗಿದಿತ್ತು.

ಯುಗಾದಿಯ ಮೇಲೆ ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ಡ್ಯೂಟಿಯ ಮೇಲೆ ಪೆಟ್ಟಾಯಿತೆಂದು ತೋರಿಸಿ ಸಾಹೇಬರು ಫಾರ್ವರ್ಡನನ್ನು ಮಾತ್ರ ತುರ್ವಿಹಾಳದ ಕಡೆ ಲಸ್ಕರ್ ಎಂದು ಖಾಯಂ ಮಾಡಿಸಿದರು. ಕಾಲುವೆ ಕಾಯುವುದು, ತೂಬು ಎತ್ತುವುದು, ಇಳಿಸುವುದು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ತೆಗೆದುಕೊಳ್ಳದೆ ಏನು ಮಾಡಿಯಾನು? ಮಸ್ಕಿಯವನು ಹೋಗುವ ದಿನ ಅವನ ಮಂಚದ ಹತ್ತಿರ ನಿಂತು, "ನಮ್ಮ ಬಾಯಾಗ ಮಣ್ಣು ಹಾಕಿ ನೀ ಒಬ್ಬ ಉಳಕೊಂಡಿ. ಆತು ಬಿಡು, ತಣ್ಣಗಿರು" ಎಂದ. ನಾನು ಅಲ್ಲೇ ಇದ್ದೆ. ಫಾರ್ವರ್ಡ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಮೈದಾನದಲ್ಲಿ ಮುಂದೆ ಹಾಕಿ ಆಗಲಿಲ್ಲ. ಅಕ್ಕಪಕ್ಕದ ಗದ್ದೆಗಳ ಬಸಿನೀರೂ ಸೇರಿ, ಬೇಸಿಗೆಯಲ್ಲಿ ಬಿಳಿ ಸವಳುಪ್ಪು ಉಕ್ಕುವುದು, ಉಳಿದ ಕಾಲ ಆಪು ಹುಲ್ಲು ಬೆಳೆಯುವುದು. ಅವನೊಬ್ಬನು ಬಿಟ್ಟ ನೀರಿಗೇ ಅದೆಲ್ಲ ಆಯಿತೆಂದಲ್ಲ. ಅವನು ಬಿಡದಿದ್ದರೂ ಇವತ್ತಲ್ಲ ನಾಳೆ ಆಗುತ್ತಿತ್ತು. ನಾನು ಎಷ್ಟು ಸಲ ಹೇಳಿದರೂ ಅವನ ತಲೆಗೆ ಹೋಗಲಿಲ್ಲ.

"ತೂಬು ಎತ್ತಿದ ಕೈ ನಂದಲೇ, ನಿಂದಲ್ಲ" ಎನ್ನುತ್ತಿದ್ದ.

ಬಿಡುವಾದಾಗ ಬಸ್ಸು ಹತ್ತಿ ಅವನನ್ನು ನೋಡಲು ಹೋಗುತ್ತಿದ್ದೆ. ಏರಿಯ ಮೇಲೆ ಕುಂಟುತ್ತ ಬರುವನು. ಕೈಯಲ್ಲಿ ಅದೇ ಸ್ಟಿಕ್ಕು, ತೂಬಿಗೆ ಸಿಕ್ಕಿಕೊಂಡ ಕಸ ಎಳೆಯಲು. ಹೊಲಕ್ಕೆ ಹೆಚ್ಚು ನೀರು ಕೇಳಿದ ರೈತರನ್ನು ಬೈದು ಅಟ್ಟುವನು. "ಸಾಕಲೇ ಕುಡಿಸಿದ್ದು! ನೆಲ ಉಸಿರು ಆಡಬೇಕೋ ಬ್ಯಾಡೋ?" ಅವರೇನು ಸುಮ್ಮನಿರುವರೇ? "ಸರಕಾರದ ನೀರು, ನಿಮ್ಮಪ್ಪಂದೇನೋ ಕುಂಟಾ?" ಎನ್ನುವರು. ಇಡೀ ಸೀಮೆ ನೀರು ಬಂತೆಂದು ಹಿಗ್ಗುವಾಗ ನೀರಿಗೆ ಹೆದರುತ್ತಿದ್ದವನು ಅವನೊಬ್ಬ. ಕುಳಿತಲ್ಲಿಂದಲೇ ಕೆಲವೊಮ್ಮೆ ಬಲ ಹಿಮ್ಮಡದಿಂದ ಏರಿಗೆ ಗುದ್ದುವನು. ಕಿವಿಗೊಡುವನು. ನಾನು ಏನೆಂದು ಕೇಳುತ್ತಿರಲಿಲ್ಲ. ಹಿಂದ ಯಾರದಾರ ಎಂದು ಅವನೂ ಆ ಪಂದ್ಯದ ಮೇಲೆ ಒಮ್ಮೆಯೂ ಕೂಗಿರಲಿಲ್ಲ.

ಟ್ರ್ಯಾಕ್ಟರ್ ಬಂತು. ಹೆಣವನ್ನು ಏರಿಸಿದೆವು. ದಾರಿಯಲ್ಲಿ ಅವನ ಹೆಂಡತಿ ನನ್ನ ಪಕ್ಕ ಕುಳಿತು ತಾನಾಗಿಯೇ ಹೇಳಿದಳು.

"ಜ್ವರ ತಲಿಗೇರಿದ ಮ್ಯಾಲ ಒಂದ ಕೇಳಾಕತ್ತಿದ್ರು ತಮ್ಮಾ. ‘ಹಿಂದ ಯಾರದಾರ, ಹಿಂದ ಯಾರದಾರ’ ಅಂತ. ನಾ ತಲಿದಿಂಬಿನ ಹತ್ರ ಕುಂತು ‘ನಾ ಅದೀನಿ’ ಅಂದೆ. ‘ನೀ ಅಲ್ಲ’ ಅಂದ್ರು."

ನನಗೆ ಸುದ್ದಿ ಮುಟ್ಟಿದ್ದು ಅವನು ಸತ್ತ ಮೇಲೆ.

ಮಸ್ಕಿಯಲ್ಲಿ ಎಣ್ಣೆ ಹಾಕಿಸಲು ನಿಂತಾಗ, ಅಲ್ಲಿ ಈಗ ಸೈಕಲ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಎಡಗಡೆಯ ಹಾಫ್ ಹೊರಗೆ ಬಂದ. ಕೂದಲು ಪೂರ ಬೆಳ್ಳಗಾಗಿತ್ತು. ಟ್ರ್ಯಾಕ್ಟರಿನ ಕಡೆ ನೋಡಿ ನನ್ನನ್ನು ಕೇಳಿದ.

"ಯಾರು, ಫಾರ್ವರ್ಡನಾ?"

"ಹೌದು. ಪಾಮನಕಲ್ಲೂರಿಗೆ ಒಯ್ಯಾಕತ್ತೀವಿ."

"ತುರ್ವಿಹಾಳದಾಗ ಯಾಕ ಇಡಲಿಲ್ಲ?"

"ಗುಂಡ್ಯಾಗ ನೀರು ಬಂತು."

ಅವನು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ನಿಂತ. ಏರಿ ಕೂರುತ್ತಾನೆಂದು ನಾನು ಜಾಗ ಮಾಡಿದೆ. ಅವನು ಬೆನ್ನು ತಿರುಗಿಸಿ ಅಂಗಡಿಯೊಳಗೆ ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಮಕ್ಕಳು ಗುಳೆ ಹೋಗಿ ಬೆಳೆದವರು.

ಪಾಮನಕಲ್ಲೂರಿನ ಹೊಲದಲ್ಲಿ ಜೋಳ ಕೊಯ್ದು ಕೂಳೆ ನಿಂತಿತ್ತು. ಗುದ್ದಲಿ ನಾಟಲಿಲ್ಲ. ಹಾರಿ ತರಿಸಿದರು. ಪ್ರತಿ ಪೆಟ್ಟಿಗೂ ಠಣ್ ಠಣ್ ಎನ್ನುತ್ತಿತ್ತು. ಅಗೆಯುವವರು ಬೆವರು ಸುರಿಸುತ್ತ, "ಎಂಥಾ ನೆಲಾರೀ ಇದು!" ಎಂದು ಬೈಯುತ್ತಿದ್ದರು. ನಾನು ಸ್ವಲ್ಪ ಆಚೆ ಹೋಗಿ ಹಿಮ್ಮಡದಿಂದ ಒಮ್ಮೆ ಗುದ್ದಿದೆ. ಈ ನೆಲದಲ್ಲಿ ಚೆಂಡು ಎಷ್ಟು ಚೆನ್ನಾಗಿ ಓಡುತ್ತಿತ್ತು!

ಹೊತ್ತು ಇಳಿಯುವ ಹೊತ್ತಿಗೆ ಅವನನ್ನು ಇಳಿಸಿದರು. ಗುಂಡಿ ಒಣ ಒಣ ಇತ್ತು. ಮಕ್ಕಳು, ಅಳಿಯಂದಿರು, ಊರವರು ಒಬ್ಬೊಬ್ಬರಾಗಿ ಬೊಗಸೆ ಮಣ್ಣು ಹಾಕಿ ಸರಿದರು. ಹಿರಿಯನೊಬ್ಬ ಸುತ್ತ ನೋಡಿ, "ಮಣ್ಣು ಕೊಡೋರು ಇನ್ನ ಯಾರರ ಅದಾರೇನ್ರಪ್ಪಾ?" ಎಂದು ಕೇಳಿದ.

ನಾನು ಎಲ್ಲರಿಗಿಂತ ಹಿಂದೆ ನಿಂತಿದ್ದೆ. ಅಲ್ಲಿಂದಲೇ, ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯ ಇರಲಿಲ್ಲ, ಆದರೂ ಹೊಲದ ತುಂಬ ಕೇಳುವಂತೆ ಕೂಗಿದೆ.

"ನಾ ಅದೀನಿ!"